ಹಳೆ ಹಂಚಿನ ಮಾಡು (ಛಾವಣಿ) ಬದಲಾಯಿಸಲು ಎಷ್ಟು ಹಣ ಬೇಕು? – ಪ್ರಶ್ನೋತ್ತರ

ಪ್ರಶ್ನೆ (ಬದಿಯಡ್ಕ):
ನಮಸ್ಕಾರ. ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಹಳೆ ಮನೆ, ಹೊರ ಅಳತೆ 36 ಅಡಿಗೆ 28 ಅಡಿ. ನಾಲ್ಕೂ ಕಡೆ ಇಳಿಯುವ ಹಂಚಿನ ಮಾಡು, ಸುತ್ತ ಎರಡೂವರೆ ಅಡಿ ಹೊರಚಾಚು. ಪಕ್ಕಾಸು (ನೆತ್ತಿಯಿಂದ ಗೋಡೆಗೆ ಇಳಿಯುವ ಮರ) ಅರ್ಧಕ್ಕರ್ಧ ಗೆದ್ದಲು ತಿಂದಿದೆ, ರೀಪು (ಹಂಚು ಕೂರುವ ಅಡ್ಡಪಟ್ಟಿ) ಪೂರ್ತಿ ಹೋಗಿದೆ. ಜಿಐ (ಸತು ಲೇಪದ ಕಬ್ಬಿಣದ) ಪೈಪ್ ಹಾಕಿ ಮತ್ತೆ ಹಂಚೇ ಹೊದಿಸಬೇಕು ಅಂತ ಇದೆ. ಕಂಟ್ರಾಕ್ಟರ್ ಒಬ್ಬರು ಎಲ್ಲಾ ಹೊಸ ಹಂಚು ಹಾಕಿ ಚದರಡಿಗೆ 340 ರೂ. ಹೇಳಿದ್ದಾರೆ. ಮನೆ ಸಾವಿರ ಚದರಡಿ ಆದ್ದರಿಂದ ಮೂರೂವರೆ ಲಕ್ಷದೊಳಗೆ ಮುಗಿಯುತ್ತದೆ ಎಂದು ನನ್ನ ಅಂದಾಜು. ನಾನು ವಿಚಾರಿಸಿದ ದರ: ಹಂಚು 42 ರೂ., ನೆತ್ತಿಯ ಹಂಚು 75 ರೂ., ಪೈಪ್ ಕಿಲೋಗೆ 82 ರೂ., ವೆಲ್ಡರ್ ಮತ್ತು ಹಂಚು ಹೊದಿಸುವವರಿಗೆ ದಿನಕ್ಕೆ 1,300, ಸಹಾಯಕರಿಗೆ 1,000. ಕೈಯಲ್ಲಿರುವುದು 4 ಲಕ್ಷ. ಸಾಕಾಗಬಹುದೇ?

ಉತ್ತರ (ಸಿವಿಲ್ ಇಂಜಿನಿಯರ್, ಕಾಸರಗೋಡು):
ಮೊದಲು ಆ ಸಾವಿರ ಚದರಡಿಯನ್ನು ತಲೆಯಿಂದ ತೆಗೆಯಿರಿ. ಅದು ನೆಲದ ಅಳತೆ. ಕಂಟ್ರಾಕ್ಟರ್ ಬಿಲ್ ಮಾಡುವುದು ಮಾಡಿನ ಮೇಲ್ಮೈಗೆ. ಹೊರಚಾಚು ಸೇರಿದರೆ 41 × 33, ಅಂದರೆ 1,353 ಚದರಡಿ. ಇಳಿಜಾರು 30 ಡಿಗ್ರಿ ಇದ್ದರೆ ಇದನ್ನು 1.155ರಿಂದ ಗುಣಿಸಬೇಕು, 1,563 ಆಗುತ್ತದೆ. 35 ಡಿಗ್ರಿ ಇದ್ದರೆ ಗುಣಕ 1.22. ಈ 1,563ಕ್ಕೆ 340ರಂತೆ ಹಾಕಿದರೆ 5.31 ಲಕ್ಷ. ನಮ್ಮಲ್ಲಿ ಮಾಡಿನ ಕೆಲಸದ ಜಗಳ ಹೆಚ್ಚಾಗಿ ಹುಟ್ಟುವುದು ಇದೇ ಜಾಗದಲ್ಲಿ. ಅವರು ಮೋಸ ಮಾಡಿದ್ದಾರೆ ಎಂದಲ್ಲ, ಯಾವ ಚದರಡಿ ಎಂದು ಯಾರೂ ಬರೆದಿಟ್ಟಿರುವುದಿಲ್ಲ.

ಈಗ ನಿಮ್ಮದೇ ದರದಲ್ಲಿ ಲೆಕ್ಕ ಮಾಡೋಣ.

ಪೈಪ್: ಮಾಡು 145 ಚದರ ಮೀಟರ್. ರೀಪಿನ ಅಂತರ 32 ಸೆಂ.ಮೀ. ಹಿಡಿದರೆ 453 ಮೀಟರ್ ರೀಪು, ತುಂಡು ಹೋಗುವುದು ಸೇರಿ 476. 25 × 25 ಮಿ.ಮೀ., 1.6 ಮಿ.ಮೀ. ದಪ್ಪದ ಪೈಪ್ ಮೀಟರಿಗೆ 1.18 ಕಿಲೋ ತೂಗುತ್ತದೆ, ಹಾಗಾಗಿ 560 ಕಿಲೋ. ಪಕ್ಕಾಸಿಗೆ 80 × 40 × 2, ಮೂರಡಿಗೊಂದು, 172 ಮೀಟರ್, 626 ಕಿಲೋ. ನೆತ್ತಿ ಮತ್ತು ನಾಲ್ಕು ಮೂಲೆಗಳ ಉದ್ದ ಒಟ್ಟು 109 ಅಡಿ. ಅಲ್ಲಿ 100 × 50 × 2.5, ಸುಮಾರು 196 ಕಿಲೋ. ಗೋಡೆಯ ಮೇಲೆ ಸುತ್ತ ಮಲಗಿಸುವ ಪೈಪಿಗೆ 142 ಕಿಲೋ. ಪಕ್ಕಾಸಿನ ನಡುಭಾಗದಲ್ಲಿ ಸುತ್ತ ಒಂದು ಅಡ್ಡ ಪೈಪಿಗೆ ಮತ್ತೆ 142. ಒಳಗೋಡೆಯಿಂದ ಅದಕ್ಕೆ ಕೊಡುವ ಕಾಲು, ಪ್ಲೇಟು ಎಲ್ಲ 70. ಒಟ್ಟು 1,740 ಕಿಲೋ ಹತ್ತಿರ, ಅಂದರೆ 1.43 ಲಕ್ಷ. ನಡುವಿನ ಅಡ್ಡ ಪೈಪನ್ನು ಉಳಿತಾಯಕ್ಕೆಂದು ಬಿಡಬೇಡಿ. ಗೋಡೆಯಿಂದ ನೆತ್ತಿಗೆ ಪಕ್ಕಾಸಿನ ಉದ್ದವೇ 16 ಅಡಿ. ಮಳೆ ಕುಡಿದ ಹಂಚಿನ ಭಾರಕ್ಕೆ ಅದು ಎರಡು ಮೂರು ವರ್ಷದಲ್ಲಿ ಬಾಗಿ, ಹಂಚಿನ ಸಂದು ಬಾಯಿ ಬಿಡುತ್ತದೆ.

ಹಂಚು: ನೂರು ಚದರಡಿಗೆ 150. ನಿಮಗೆ 2,345, ಮೂಲೆಯಲ್ಲಿ ಕತ್ತರಿಸಿ ಹೋಗುವುದು ಸೇರಿ 2,460. ಹಳೆಯದರಲ್ಲಿ 1,500 ಉಳಿದರೆ ಹೊಸತು 960 ಸಾಕು, 40 ಸಾವಿರ. ಎಲ್ಲಾ ಹೊಸತಾದರೆ 1.03 ಲಕ್ಷ. ನೆತ್ತಿಯ ಹಂಚು ಅಡಿಗೆ ಒಂದರಂತೆ 110, ಅದು 8,250.

ಕೂಲಿ: ಹಳೆ ಮಾಡು ಇಳಿಸಲು 12 ಆಳು, 12 ಸಾವಿರ. ವೆಲ್ಡಿಂಗ್ ಇಬ್ಬರು ವೆಲ್ಡರು, ಇಬ್ಬರು ಸಹಾಯಕರು, 10 ದಿನ, 46 ಸಾವಿರ. ಹಂಚು ಹೊದಿಸಲು ಇಬ್ಬರು ಕೆಲಸಗಾರರು, ಮೂವರು ಸಹಾಯಕರು, 4 ದಿನ, 22,400. ಒಟ್ಟು 80,400. ಈ ಭಾಗ ದೊಡ್ಡದಾಗಿ ಕಂಡರೆ ಆಶ್ಚರ್ಯವಿಲ್ಲ. ರಿಸರ್ವ್ ಬ್ಯಾಂಕಿನ ಅಂಕಿಅಂಶದಂತೆ 2022-23ರಲ್ಲಿ ಗ್ರಾಮೀಣ ಕೇರಳದಲ್ಲಿ ಕಟ್ಟಡ ಕಾರ್ಮಿಕರ ಸರಾಸರಿ ದಿನಗೂಲಿ 852 ರೂ., ದೇಶದ ಸರಾಸರಿ 393. ಬಯಲುಸೀಮೆಯ ನೆಂಟರ ಮನೆಯ ಖರ್ಚನ್ನು ಇಲ್ಲಿಗೆ ಹೋಲಿಸಿದರೆ ಲೆಕ್ಕ ತಪ್ಪುತ್ತದೆ.

ಇನ್ನು ಕೊಟೇಶನ್ನಿನಲ್ಲಿ ಸಾಮಾನ್ಯವಾಗಿ ಇಲ್ಲದ ಖರ್ಚು. ಮಣ್ಣಿನ ಗಾರೆಯ ಮುರಕಲ್ಲಿನ ಗೋಡೆಗೆ ನೇರ ಬೋಲ್ಟ್ ಹೊಡೆದರೆ ಕಲ್ಲು ಪುಡಿಯಾಗಿ ಬೋಲ್ಟ್ ಸಡಿಲಾಗುತ್ತದೆ. ಗೋಡೆಯ ತಲೆಯಲ್ಲಿ ಸುತ್ತ 8 ಇಂಚು ಅಗಲ, 4 ಇಂಚು ದಪ್ಪದ ಕಾಂಕ್ರೀಟ್ ಬೆಲ್ಟ್ ಬೇಕು. 128 ಅಡಿಗೆ 0.8 ಘನ ಮೀಟರ್ ಕಾಂಕ್ರೀಟ್, ಆರೇಳು ಚೀಲ ಸಿಮೆಂಟು, 10 ಮಿ.ಮೀ. ಕಂಬಿ ಎರಡು ಸಾಲಿಗೆ 48 ಕಿಲೋ. ಬೋಲ್ಟನ್ನು ಐದಡಿಗೊಂದರಂತೆ ಕಾಂಕ್ರೀಟ್ ಹಾಕುವಾಗಲೇ ಹೂಳಬೇಕು. ಕೂಲಿ ಸೇರಿ 28 ಸಾವಿರ ಇಡಿ. ಪ್ರೈಮರ್, ಪೈಂಟು, ವೆಲ್ಡಿಂಗ್ ಕಡ್ಡಿ, ಕಟ್ಟಿಂಗ್ ವೀಲ್ 20 ಸಾವಿರ. ಲಾರಿ ಬಾಡಿಗೆ, ಇಳಿಸುವ ಕೂಲಿ, ಅಟ್ಟಣಿಗೆ 20 ಸಾವಿರ.

ಹಳೆ ಹಂಚು 1,500 ಉಳಿಯಿತೆಂದು ಎಲ್ಲ ಕೂಡಿಸಿದರೆ 3.39 ಲಕ್ಷ. ಹಳೆ ಮನೆಯ ಮಾಡು ಬಿಚ್ಚಿದ ಮೇಲೆಯೇ ಗೋಡೆಯ ನಿಜ ಸ್ಥಿತಿ ಗೊತ್ತಾಗುವುದು, ಆದ್ದರಿಂದ 12 ಶೇಕಡ ಕೈಕಾಪು (ಅನಿರೀಕ್ಷಿತ ಖರ್ಚಿಗೆ ಮೀಸಲು) ಬೇಕೇ ಬೇಕು. ಆಗ 3.80 ಲಕ್ಷ. ನೀವೇ ನಿಂತು ಮಾಡಿಸಿದರೆ 4 ಲಕ್ಷ ಸಾಕು. ಸುತ್ತಲಿನ 148 ಅಡಿ ದಂಬೆಯನ್ನು (ಮಳೆನೀರು ಹಿಡಿಯುವ ತೊಟ್ಟಿಯನ್ನು) ನಾನು ಸೇರಿಸಿಲ್ಲ. ಕೈಕಾಪು ಉಳಿದರೆ ಹಾಕಿಸಿ, ಇಲ್ಲದಿದ್ದರೆ ಮುಂದಿನ ವರ್ಷವಾದರೂ ನಡೆಯುತ್ತದೆ.

ಕಂಟ್ರಾಕ್ಟರ್ ಹೇಳಿದಂತೆ ಎಲ್ಲಾ ಹೊಸ ಹಂಚು ಹಾಕಿ, ಅವರ ಲಾಭ 15 ಶೇಕಡ ಕೂಡಿಸಿದರೂ 4.63 ಲಕ್ಷ ಬರುತ್ತದೆ. 340 ಎಂಬುದು ಸ್ವಲ್ಪ ಹೆಚ್ಚೇ. ಪೈಪಿನ ದಪ್ಪ, ಬೆಲ್ಟ್, ಹಳೆ ಮಾಡು ಇಳಿಸುವುದು ಅದರಲ್ಲಿ ಸೇರಿದೆಯೇ ಎಂದು ಬರೆಸಿಕೊಂಡು ಮತ್ತೆ ಮಾತಾಡಿ.

ಉತ್ತರ (ಬಡಗಿ, ಮುಳ್ಳೇರಿಯ):
ಇಂಜಿನಿಯರರು ಹೇಳಿದ್ದಕ್ಕೆ ಒಂದೆರಡು ಸೇರಿಸುತ್ತೇನೆ. ಹಳೆ ಮರದ ಬೆಲೆ ನಿಮ್ಮ ಲೆಕ್ಕದಲ್ಲಿ ಇಲ್ಲ. ಪಕ್ಕಾಸನ್ನು ಗೆದ್ದಲು ಹೆಚ್ಚಾಗಿ ತಿನ್ನುವುದು ಗೋಡೆಗೆ ತಾಗುವ ತುದಿಯಲ್ಲಿ ಮತ್ತು ಸೋರುವ ಮೂಲೆಯಲ್ಲಿ. ಸುತ್ತಿಗೆಯಲ್ಲಿ ತಟ್ಟುತ್ತಾ ಹೋಗಿ. ಟೊಳ್ಳು ಶಬ್ದ ಬಂದ ಕಡೆ ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ತುದಿ ಮಾತ್ರ ಹೋಗಿದ್ದರೆ ಕತ್ತರಿಸಿ ಉಳಿದ ಎಂಟು ಹತ್ತು ಅಡಿ ದನದ ಹಟ್ಟಿಗೋ ಸೌದೆ ಕೊಟ್ಟಿಗೆಗೋ ಆಗುತ್ತದೆ. ಬೋಗಿ, ಹಲಸಿನಂಥ ಮರ ಇದ್ದರೆ ಕೊಳ್ಳುವವರು ಮನೆಗೇ ಬರುತ್ತಾರೆ. "ಹಳೆ ಮರ, ಹಳೆ ಹಂಚು ಮನೆಯವರದ್ದು" ಎಂದು ಕರಾರಿನಲ್ಲಿ ಇರಲಿ. ಇಲ್ಲದಿದ್ದರೆ ಇಳಿಸಿದವರು ಲಾರಿಗೆ ಹಾಕಿಕೊಂಡು ಹೋಗುವುದು ವಾಡಿಕೆ.

ಹಳೆ ಹಂಚಿನ ಜೊತೆ ಹೊಸ ಹಂಚು ಬೆರೆಸುವಾಗ ಜಾಗ್ರತೆ. ಹಂಚಿನ ಅಡಿಯಲ್ಲಿ ಕಾರ್ಖಾನೆಯ ಅಚ್ಚು ಇರುತ್ತದೆ. ಬೇರೆ ಬೇರೆ ಅಚ್ಚಿನವು ಒಂದಕ್ಕೊಂದು ಸರಿಯಾಗಿ ಕಚ್ಚುವುದಿಲ್ಲ, ಗಾಳಿ ಮಳೆಗೆ ಪಕ್ಕದ ಸಂದಿನಲ್ಲಿ ನೀರು ಒಳಗೆ ನುಗ್ಗುತ್ತದೆ. ಹಳೆಯದನ್ನೆಲ್ಲ ಎರಡು ಮಗ್ಗುಲಿಗೆ, ಹೊಸತನ್ನು ಉಳಿದ ಮಗ್ಗುಲಿಗೆ ಹಾಕಿ. ಒಂದೇ ಸಾಲಿನಲ್ಲಿ ಬೆರೆಸಲೇಬೇಡಿ.

ಪ್ರಶ್ನೆ (ಬದಿಯಡ್ಕ):
ಬಹಳ ಉಪಕಾರವಾಯಿತು. ರೀಪಿನ ಅಂತರ 32 ಸೆಂ.ಮೀ. ಎಂದೇ ವೆಲ್ಡರಿಗೆ ಹೇಳಲೇ?

ಉತ್ತರ (ಬಡಗಿ, ಮುಳ್ಳೇರಿಯ):
ಬೇಡ. ಅದು ಲೆಕ್ಕಕ್ಕೆ ಮಾತ್ರ. ಹಾಕುವ ಹಂಚನ್ನೇ ಅಂಗಳದಲ್ಲಿ ಹನ್ನೊಂದು ಸಾಲಾಗಿ ಕಚ್ಚಿಸಿ ಇಡಿ. ಒಮ್ಮೆ ಪೂರ್ತಿ ಎಳೆದು, ಒಮ್ಮೆ ಪೂರ್ತಿ ಒತ್ತಿ, ಮೊದಲ ಹಂಚಿನ ಮೂಗಿನಿಂದ ಹನ್ನೊಂದನೆಯದರ ಮೂಗಿನವರೆಗೆ ಅಳೆಯಿರಿ. ಎರಡರ ಸರಾಸರಿಯನ್ನು ಹತ್ತರಿಂದ ಭಾಗಿಸಿದರೆ ನಿಮ್ಮ ಅಂತರ. ಮರದ ರೀಪಾದರೆ ಮೊಳೆ ಕಿತ್ತು ಸರಿಸಬಹುದು. ವೆಲ್ಡ್ ಮಾಡಿದ್ದು ಸರಿಯದು. ಸಾಲಿಗೆ ಅರ್ಧ ಸೆಂ.ಮೀ. ತಪ್ಪಿದರೂ ಮೇಲೆ ಹೋಗುವಷ್ಟರಲ್ಲಿ ಎಂಟು ಸೆಂ.ಮೀ. ವ್ಯತ್ಯಾಸ ಬರುತ್ತದೆ. ಹಳೆಯದಕ್ಕೂ ಹೊಸದಕ್ಕೂ ಬೇರೆ ಬೇರೆ ಅಳೆಯಿರಿ.

ಪ್ರಶ್ನೆ (ಕುಂಬಳೆ):
ಹಂಚಿನ ಬದಲು ಶೀಟ್ ಹಾಕಿದರೆ ಅಗ್ಗವಲ್ಲವೇ?

ಉತ್ತರ (ಸಿವಿಲ್ ಇಂಜಿನಿಯರ್, ಕಾಸರಗೋಡು):
ಪೈಪಿನ ಮಟ್ಟಿಗೆ ಹೌದು. 0.47 ಮಿ.ಮೀ. ಶೀಟ್ ಚದರ ಮೀಟರಿಗೆ ನಾಲ್ಕೈದು ಕಿಲೋ, ಒದ್ದೆ ಹಂಚು ಅದರ ಹತ್ತು ಪಟ್ಟು. ರೀಪು ನಾಲ್ಕಡಿಗೊಂದು ಸಾಕು, ಆ 560 ಕಿಲೋ ಕಾಲು ಭಾಗಕ್ಕೆ ಇಳಿಯುತ್ತದೆ. ಆದರೆ ಹಗುರವಾದದ್ದನ್ನು ಗಾಳಿ ಮೇಲಕ್ಕೆ ಎತ್ತುತ್ತದೆ, ಹೊರಚಾಚಿನ ಕಡೆ ಸ್ಕ್ರೂ ಒತ್ತಾಗಿ ಬೇಕು. ಕುಂಬಳೆಯಂಥ ಕಡಲ ಹತ್ತಿರದ ಊರಲ್ಲಿ ಸ್ಕ್ರೂ ತಲೆ ಮತ್ತು ಕತ್ತರಿಸಿದ ಅಂಚು ಮೊದಲು ತುಕ್ಕು ಹಿಡಿಯುವುದು, ಸತು ಲೇಪ ಮಾತ್ರ ಇರುವ ಅಗ್ಗದ ಶೀಟ್ ಬೇಡ. ಅಲ್ಯೂಮಿನಿಯಂ-ಸತು ಲೇಪ 150 ಗ್ರಾಮಿನದ್ದು ಕೇಳಿ. ಬಿಸಿಗೆ ಕೆಳಗೆ ಸೀಲಿಂಗ್ ಮಾಡಿಸಬೇಕಾಗಿ ಬಂದರೆ ಉಳಿತಾಯ ಅಲ್ಲಿಗೇ ಮುಗಿಯಿತು. ಹಟ್ಟಿಗೆ, ಅಡಕೆ ಕೊಟ್ಟಿಗೆಗೆ ಶೀಟ್ ಒಳ್ಳೆಯದು, ವಾಸದ ಮನೆಗೆ ನನ್ನ ಮತ ಹಂಚಿಗೇ.

ಪ್ರಶ್ನೆ (ಬದಿಯಡ್ಕ):
ಪೈಪ್ 2 ಮಿ.ಮೀ. ಎಂದು ಹೇಳಿ ತೆಳುವಿನದ್ದು ತಂದರೆ ತಿಳಿಯುವುದು ಹೇಗೆ?

ಉತ್ತರ (ಸಿವಿಲ್ ಇಂಜಿನಿಯರ್, ಕಾಸರಗೋಡು):
ತುದಿಯನ್ನು ನೋಡಿ ನಿರ್ಧರಿಸಬೇಡಿ, ಕತ್ತರಿಸಿದ ಅಂಚು ದಪ್ಪ ಕಾಣುತ್ತದೆ. ತೂಕ ಹಾಕಿ. 80 × 40 × 2 ಪೈಪ್ 20 ಅಡಿಗೆ 22 ಕಿಲೋ ಹತ್ತಿರ ಇರಬೇಕು. 17 ಬಂದರೆ ಅದು ಒಂದೂವರೆ ಮಿ.ಮೀ. ಬಿಲ್ಲಿನಲ್ಲಿ ಪೈಪಿನ ಸಂಖ್ಯೆ ಮಾತ್ರವಲ್ಲ, ಕಿಲೋ ಕೂಡ ಬರಲಿ. ದರ 18 ಶೇಕಡ ಜಿಎಸ್‌ಟಿ ಸೇರಿಯೋ ಅಲ್ಲವೋ ಎಂದೂ ಕೇಳಿ. ಸೇರಿಲ್ಲದಿದ್ದರೆ ನಿಮ್ಮ 1.43 ಲಕ್ಷ 1.68 ಆಗುತ್ತದೆ, ಕೈಕಾಪಿನ ಅರ್ಧಕ್ಕಿಂತ ಹೆಚ್ಚು ಅಲ್ಲೇ ಹೋಯಿತು.

ವೆಲ್ಡ್ ಮಾಡಿದ ಕಡೆ ಸತು ಸುಟ್ಟು ಹೋಗಿರುತ್ತದೆ. ಮೇಲೆ ಕಟ್ಟಿದ ಕಿಟ್ಟವನ್ನು ತಟ್ಟಿ, ಉಜ್ಜಿ ತೆಗೆದು, ಸತುವಿನ ಪ್ರೈಮರನ್ನು ಅದೇ ದಿನ ಹಚ್ಚಿಸಿ. ಪೈಪಿನ ಬಾಯಿ ಮುಚ್ಚಿಸಿ. ತೆರೆದಿದ್ದರೆ ಒಳಗಿನಿಂದ ತುಕ್ಕು ಹಿಡಿಯುತ್ತದೆ, ಹೊರಗೆ ಕಾಣುವುದೇ ಇಲ್ಲ.

ಪ್ರಶ್ನೆ (ಬದಿಯಡ್ಕ):
ಮಂಗಳೂರಿನಿಂದ ಪೈಪ್ ತಂದರೆ ಲಾಭವಿದೆಯೇ? ಕೆಲಸ ಯಾವಾಗ ಹಿಡಿಯುವುದು?

ಉತ್ತರ (ಸಿವಿಲ್ ಇಂಜಿನಿಯರ್, ಕಾಸರಗೋಡು):
ಲಾರಿ ಬಾಡಿಗೆ ಕೂಡಿಸಿ ಕಿಲೋ ಲೆಕ್ಕದಲ್ಲಿ ಹೋಲಿಸಿ. ತಲಪಾಡಿಯಲ್ಲಿ ರಾಜ್ಯದ ಗಡಿ ದಾಟುವ ಸರಕು 50 ಸಾವಿರಕ್ಕಿಂತ ಮೇಲಿದ್ದರೆ ಬಿಲ್ಲಿನ ಜೊತೆ ಇ-ವೇ ಬಿಲ್ (ಸರಕು ಸಾಗಣೆಯ ಆನ್‌ಲೈನ್ ದಾಖಲೆ) ಬೇಕು, ಅಂಗಡಿಯವರಿಂದಲೇ ಮಾಡಿಸಿ. ಇಳಿಸುವ ಕೂಲಿಯನ್ನು ಲಾರಿ ಬರುವ ಮೊದಲೇ ಊರಿನ ಲೋಡಿಂಗ್ ಕೆಲಸಗಾರರ ಹತ್ತಿರ ಮಾತಾಡಿ, ಹಂಚಿಗೆ ಇಷ್ಟು, ಪೈಪಿಗೆ ಇಷ್ಟು ಎಂದು ಗೊತ್ತು ಮಾಡಿಕೊಳ್ಳಿ. ಕೆಲಸ ಮಾಡದೆ ಕೇಳುವ ನೋಕ್ಕುಕೂಲಿಯನ್ನು ಕೇರಳ ಸರಕಾರ 2018ರ ಮೇ 1ರಿಂದಲೇ ನಿಷೇಧಿಸಿದೆ.

ಮಾಡು ಬಿಚ್ಚುವುದು ಜನವರಿ, ಫೆಬ್ರವರಿಯಲ್ಲಿ ಆಗಲಿ. ಏಪ್ರಿಲ್ ಅರ್ಧ ದಾಟಿದರೆ ಸಂಜೆಯ ಗುಡುಗು ಮಳೆ ಶುರು, ಮಣ್ಣಿನ ಗಾರೆಯ ಗೋಡೆ ಒದ್ದೆಯಾದರೆ ಹೊಸ ಖರ್ಚು. ಪೈಪ್, ಹಂಚು ಅಂಗಳಕ್ಕೆ ಬರುವವರೆಗೆ ಹಳೆ ಮಾಡಿನ ಒಂದು ಹಂಚನ್ನೂ ತೆಗೆಯಬೇಡಿ. ಕಾಂಕ್ರೀಟ್ ಬೆಲ್ಟಿಗೆ ಕಡಿಮೆಯೆಂದರೆ ಏಳು ದಿನ ನೀರು ಹಾಕಿದ ಮೇಲೆಯೇ ಪೈಪ್ ಏರಿಸುವುದು.

ಕಂಟ್ರಾಕ್ಟರಿಗೇ ಕೊಡುವುದಾದರೆ ಮುಂಗಡ 10 ಶೇಕಡ, ಪೈಪ್ ತೂಕ ಮಾಡಿ ಇಳಿದ ಮೇಲೆ 35, ವೆಲ್ಡಿಂಗ್ ಮತ್ತು ಪ್ರೈಮರ್ ಮುಗಿದಾಗ 25, ಹಂಚು ಹೊದಿಸಿದಾಗ 20. ಉಳಿದ 10 ಶೇಕಡವನ್ನು ಜೂನಿನ ಮೊದಲ ದೊಡ್ಡ ಮಳೆ ಕಳೆದು, ಮೂಲೆಗಳ ಅಡಿ ಒಣಗಿದೆ ಎಂದು ನೋಡಿದ ಮೇಲೆ ಕೊಡಿ. ಅದನ್ನೂ ಕರಾರಿನಲ್ಲಿ ಮೊದಲೇ ಬರೆಸಿ.