ಅಪ್‌ಡೇಟ್: ಅಪ್ಪನ ಹಿಮ್ಮಡಿ ಬಿರುಕು ಮತ್ತು ಮೊಣಕಾಲು ಬಾವು

ಅಪ್ಪನ ಹಿಮ್ಮಡಿ ಒಡೆದು ಕೀವಾಗಿತ್ತು. ಆಮೇಲೆ ಒಂದು ಮೊಣಕಾಲು ಬಾತು, ಜ್ವರ ಬಂತು. ಎರಡಕ್ಕೂ ಸಂಬಂಧ ಇದೆಯಾ ಎಂದು ಕೇಳಿದ್ದೆ. ಇದೆ. ‘ಎಣ್ಣೆ ತಿಕ್ಕುತ್ತಾ ಕೂರಬೇಡಿ, ಇವತ್ತೇ ತೋರಿಸಿ’ ಎಂದವರಿಗೆ ಕೈಮುಗಿಯುತ್ತೇನೆ.

ಗದಗಿನಿಂದ ನೇರ ಹುಬ್ಬಳ್ಳಿಗೆ ಕರೆದೊಯ್ದೆವು. ಡಾಕ್ಟರು ಮೊದಲು ಮೊಣಕಾಲಿಗೆ ಸೂಜಿ ಹಾಕಿ ನೀರು ತೆಗೆದು ಕಲ್ಚರ್‌ಗೆ (ಯಾವ ರೋಗಾಣು ಎಂದು ಬೆಳೆಸಿ ನೋಡುವ ಪರೀಕ್ಷೆ) ಕಳಿಸಿದರು, ಆಮೇಲೆಯೇ ಆಂಟಿಬಯೋಟಿಕ್. ಔಷಧಿ ಮೊದಲೇ ಬಿದ್ದರೆ ಕೆಲವೊಮ್ಮೆ ಕಲ್ಚರ್‌ನಲ್ಲಿ ಏನೂ ಬೆಳೆಯುವುದಿಲ್ಲವಂತೆ. ರಿಪೋರ್ಟಿನಲ್ಲಿ ಬಂದದ್ದು ಸ್ಟ್ಯಾಫಿಲೋಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ. ಸುಮಾರು ಶೇ 30ರಷ್ಟು ಜನರ ಮೂಗಿನಲ್ಲಿ, ಎಷ್ಟೋ ಜನರ ಚರ್ಮದ ಮೇಲೂ ಇದು ತೊಂದರೆ ಕೊಡದೆ ಇರುತ್ತದೆ. ಚರ್ಮ ಒಡೆದ ಜಾಗದಿಂದ ರಕ್ತಕ್ಕೆ ಇಳಿಯಬಹುದು. ಕೀಲಿನ ಒಳಪೊರೆಯಲ್ಲಿ ರಕ್ತನಾಳಗಳು ಜಾಸ್ತಿ, ಹಾಗಾಗಿ ಅಲ್ಲಿ ಸುಲಭವಾಗಿ ನೆಲೆಯೂರುತ್ತದೆ. ತಡ ಮಾಡಿದರೆ ಕೆಲವೇ ದಿನಗಳಲ್ಲಿ ಮೃದ್ವಸ್ಥಿ ಹಾಳಾಗುತ್ತದೆ. ಅಪ್ಪನಿಗೆ ಸಕ್ಕರೆ ಕಾಯಿಲೆ ಬೇರೆ ಇದೆ, ಅಪಾಯ ಇನ್ನೂ ಹೆಚ್ಚು ಅಲ್ವಾ?

ಕೀಲು ತೊಳೆದರು. ಈಗ ಕೋಲು ಹಿಡಿದು ಓಡಾಡುತ್ತಾರೆ, ಔಷಧಿ ಇನ್ನೂ ನಡೆದಿದೆ. ಎರೆ ಹೊಲಕ್ಕೆ ಬರಿಗಾಲಲ್ಲಿ ಹೋಗಲು ಅವ್ವ ಬಿಡುತ್ತಿಲ್ಲ.

ಸೋರಿಯಾಸಿಸ್ ಎಂಬ ಚರ್ಮದ ಕಾಯಿಲೆ ಬಗ್ಗೆ ಕೇಳಿದವರಿಗೆ: ಅದರ ಜೊತೆ ಬರುವ ಕೀಲುಬಾವು ಬೇರೆ, ಅದು ಕೀಲಿನೊಳಗಿನ ಸೋಂಕಲ್ಲ. ಆದರೆ ಒಂದೇ ಕೀಲು ದಿಢೀರನೆ ಬಿಸಿಯಾಗಿ ಬಾತು ಜ್ವರ ಬಂದರೆ, ಯಾರೇ ಆಗಲಿ, ಅವತ್ತೇ ಆಸ್ಪತ್ರೆಗೆ ಹೋಗಿ.