ಮಂಗನ ಕಾಯಿಲೆ: ಒಂದೇ ರಕ್ತಕ್ಕೆ ಎರಡು ರಿಪೋರ್ಟಾ?

[ಗುಂಪು: ಕೊಪ್ಪ ಹೈಸ್ಕೂಲ್ ಗೆಳೆಯರು]

ರಮೇಶ: (ಫಾರ್ವರ್ಡ್) "ಜ್ವರದ 9ನೇ ದಿನ ತೆಗೆದ ರಕ್ತ. ಪಿಸಿಆರ್ ನೆಗೆಟಿವ್, ಎಲೈಸಾ ಪಾಸಿಟಿವ್. ಲ್ಯಾಬಿನವರ ಮೋಸ, ಎಲ್ಲರಿಗೂ ಕಳಿಸಿ."
ಇದನ್ನ ಹೇಗೆ ನಂಬೋದು?

ಸುಮಾ: ಎರಡೂ ಸರಿ ಇರಬಹುದು ಮಾರಾಯ. ಪಿಸಿಆರ್ ಹುಡುಕೋದು ವೈರಸ್ಸಿನ ವಂಶವಾಹಿ ವಸ್ತು, ಅಂದ್ರೆ ಆರ್‌ಎನ್‌ಎ. ಅದು ರಕ್ತದಲ್ಲಿ ಜಾಸ್ತಿ ಇರೋದು ಮೊದಲ ದಿನಗಳಲ್ಲಿ, ವಾರ ಕಳೆದ ಹಾಗೆ ಇಳಿಯುತ್ತೆ. ಅಷ್ಟೊತ್ತಿಗೆ ಸೋಂಕಿನ ವಿರುದ್ಧ ದೇಹ ಮೊದಲು ತಯಾರಿಸೋ ಐಜಿಎಂ ಪ್ರತಿಕಾಯ ಹುಟ್ಟಿರುತ್ತೆ, ಎಲೈಸಾ ಹಿಡಿಯೋದು ಅದನ್ನ. 9ನೇ ದಿನ ಬರೀ ಪಿಸಿಆರ್ ಮಾಡಿ ಕಾಯಿಲೆ ಇಲ್ಲ ಅಂದಿದ್ರೆ ಅದು ತಪ್ಪು.

ರಮೇಶ: ಹಾಗಾದ್ರೆ ಎಲೈಸಾ ಒಂದೇ ಸಾಕಲ್ಲ?

ಸುಮಾ: ಎರಡನೇ ದಿನ ಬಂದವರಿಗೆ? ಪ್ರತಿಕಾಯ ಇನ್ನೂ ಹುಟ್ಟಿರೋದೇ ಇಲ್ಲ.

ಪ್ರಕಾಶ: ಇನ್ನೊಂದು ತೊಡಕಿದೆ. ಡೆಂಗಿಯೂ ಇದೂ ಫ್ಲಾವಿವೈರಸ್ ಕುಟುಂಬದವು, ಒಂದರ ಪ್ರತಿಕಾಯ ಇನ್ನೊಂದರ ಎಲೈಸಾದಲ್ಲಿ ಗೊಂದಲ ಮಾಡಬಹುದು. ಪಿಸಿಆರ್ ಮಂಗನ ಕಾಯಿಲೆ ವೈರಸ್ಸಿನ ಎನ್‌ಎಸ್5 ಜೀನಿನ ತುಣುಕನ್ನೇ ಹುಡುಕುತ್ತೆ. ಆದ್ರೆ ಆರ್‌ಎನ್‌ಎ ಬೇಗ ಹಾಳಾಗುತ್ತೆ. ರಕ್ತದಿಂದ ಸೀರಂ (ತಿಳಿ ದ್ರವ) ಬೇರೆ ಮಾಡಿ, ಮೂರು ಪದರ ಪ್ಯಾಕ್ ಮಾಡಿ, 2ರಿಂದ 8 ಡಿಗ್ರಿಯಲ್ಲಿ ಕಳಿಸಬೇಕು. ಐಸ್ ಕರಗಿದ ಡಬ್ಬಿ ಜೀಪಿನ ಸೀಟಲ್ಲಿ ಬಿಸಿಲಿಗೆ ಕೂತಿದ್ರೆ ಪಾಸಿಟಿವ್ ಬರಬೇಕಾದ್ದೂ ನೆಗೆಟಿವ್ ಬರಬಹುದು.

ರಮೇಶ: ಇಷ್ಟೆಲ್ಲ ನೋಡಿ ಏನುಪಯೋಗ? ವೈರಸ್ಸಿಗೆ ಔಷಧಿನೇ ಇಲ್ಲ. ಮಂಗ ಓಡಿಸಿದ್ರೆ ಆಯ್ತು.

ಸುಮಾ: ಇದನ್ನ ಖಂಡಿತ ಒಪ್ಪಲ್ಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಮಂಗಗಳು ಸತ್ತಾಗ ಹಳದಿ ಜ್ವರ ಅಂತ ಶಂಕೆ ಬಂದಿತ್ತು. ವೈರಸ್ ಬೇರ್ಪಡಿಸಿ ನೋಡಿದ ಮೇಲೇ ಇದು ಉಣುಗಿನಿಂದ (ರಕ್ತ ಹೀರೋ ಉಣ್ಣೆ ಹುಳ) ಹರಡೋ, ರಷ್ಯಾದ ಮಿದುಳು ಜ್ವರದ ಬಳಗದ್ದು ಅಂತ ಗೊತ್ತಾಗಿದ್ದು. ಮಂಗಕ್ಕೂ ಉಣುಗೇ ಕಚ್ಚೋದು. ಅದು ಸತ್ತರೆ ಮೈಮೇಲಿನ ಉಣುಗೆಲ್ಲ ಉದುರಿ ದರಗಲ್ಲಿ (ಒಣಗಿದ ಎಲೆ ರಾಶಿಯಲ್ಲಿ) ಹರಡುತ್ತೆ. ಸತ್ತ ಮಂಗದಲ್ಲೋ ಅಲ್ಲಿನ ಉಣುಗಲ್ಲೋ ಆರ್‌ಎನ್‌ಎ ಸಿಕ್ಕಿದ್ರೆ, ಜನಕ್ಕೆ ಜ್ವರ ಬರೋ ಮುಂಚೆನೇ ಆ ಕಾಡಿಗೆ ದರಗು ತರೋಕೆ ಹೋಗಬೇಡಿ, ಹೋಗಲೇಬೇಕಾದ್ರೆ ಉಣುಗು ಹತ್ತದ ಹಾಗೆ ತಡೆಯೋ ಡೆಪಾ ಎಣ್ಣೆ ಹಚ್ಚಿಕೊಳ್ಳಿ ಅನ್ನಬಹುದು.

ಪ್ರಕಾಶ: ಖಚಿತ ಆದ್ರೆ ಚಿಕಿತ್ಸೆಗೂ ದಾರಿ ಸಿಗುತ್ತೆ. ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ. ಆಸ್ಪಿರಿನ್, ಐಬುಪ್ರೊಫೆನ್ ಬೇಡವೇ ಬೇಡ, ರಕ್ತಸ್ರಾವದ ಭಯ. ಜ್ವರ ಬಿಟ್ಟ ಮೇಲೂ ಎರಡು ವಾರ ಕಣ್ಣಿಟ್ಟಿರಬೇಕು. ಕೆಲವರಿಗೆ ಮತ್ತೆ ಜ್ವರ ಬಂದು ಕೈ ನಡುಕ, ವಿಪರೀತ ತಲೆನೋವು, ಮಂಪರು ಕಾಣಿಸಿಕೊಳ್ಳುತ್ತೆ.

ರಮೇಶ: ಸರಿ. ಆದ್ರೆ ರಿಪೋರ್ಟಲ್ಲಿ ಬರೀ ನೆಗೆಟಿವ್ ಅಂತ ಬರೆದ್ರೆ ಜನಕ್ಕೆ ಇದೆಲ್ಲ ಹೇಗೆ ತಿಳಿಯುತ್ತೆ?

ಪ್ರಕಾಶ: ಅದು ನ್ಯಾಯವಾದ ಮಾತು, 'ಎಷ್ಟನೇ ದಿನದ ರಕ್ತ' ಅಂತ ಅಲ್ಲೇ ಬರೀಬೇಕು. ನಿಮ್ಮ ಕಡೆಯವರು ರಕ್ತ ಕೊಡೋವಾಗ ಜ್ವರ ಶುರುವಾದ ತಾರೀಕು ಫಾರ್ಮಲ್ಲಿ ಬರೆಸಿ. ಅದಿಲ್ಲದಿದ್ರೆ ಯಾವ ಟೆಸ್ಟ್ ಮಾಡಬೇಕು ಅಂತ ಲ್ಯಾಬಿಗೂ ಗೊತ್ತಾಗಲ್ಲ.