ಕೆಲಸದ ಜೊತೆ ದೂರಶಿಕ್ಷಣದ ಎಂಬಿಎ: ಮೇಡಂ ಜೊತೆ ಪ್ರಶ್ನೋತ್ತರ

(ಇದು ಒಂದು ಆನ್‌ಲೈನ್ ಗುಂಪಿನ ಮಾತುಕತೆ. ಉತ್ತರ ಕೊಡುವವರು ದೂರಶಿಕ್ಷಣ ಅಧ್ಯಯನ ಕೇಂದ್ರವೊಂದರಲ್ಲಿ ಮ್ಯಾನೇಜ್‌ಮೆಂಟ್ ಪಾಠ ಮಾಡುತ್ತಾರೆ.)

ಪೀಣ್ಯದ ಸೂಪರ್‌ವೈಸರ್: ನಮಸ್ತೆ ಮೇಡಂ. ನನ್ನದು ಶಿಫ್ಟ್ ಕೆಲಸ. ಇಗ್ನೋ (ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿವಿ) ಎಂಬಿಎ ರೆಗ್ಯುಲರ್‌ಗೆ ಸಮ ಆಗುತ್ತಾ?

ಮೇಡಂ: ಆಗುತ್ತದೆ. ಮಾನ್ಯತೆ ಇರುವ ವಿವಿಯ ದೂರಶಿಕ್ಷಣ ಪದವಿಯೂ ರೆಗ್ಯುಲರ್ ಪದವಿಯೂ ಸಮ ಎಂದು ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2020ರ ನಿಯಮದಲ್ಲೇ ಇದೆ. ಇಗ್ನೋದಲ್ಲಿ ಅಸೈನ್‌ಮೆಂಟ್‌ಗೆ ಶೇ. 30, ಪರೀಕ್ಷೆಗೆ ಶೇ. 70. ಪರೀಕ್ಷೆ ಜೂನ್ ಮತ್ತು ಡಿಸೆಂಬರ್‌ನಲ್ಲಿ. ಶಿಫ್ಟ್ ಕೆಲಸದವರು ಎಡವುವುದು ಅಸೈನ್‌ಮೆಂಟ್‌ನಲ್ಲೇ. ಅದನ್ನು ಕೊನೆಗೆ ಇಟ್ಟುಕೊಳ್ಳಬೇಡಿ.

ಹುಬ್ಬಳ್ಳಿಯ ಸದಸ್ಯೆ: ನಮಸ್ಕಾರ ರೀ ಮೇಡಂ. ಇಲ್ಲಿ ಒಂದು ಸೆಂಟರ್‌ನವರು ಒಂದೇ ವರ್ಷದಲ್ಲಿ ಎಂಬಿಎ ಕೊಡಿಸುತ್ತೇವೆ ಅಂದರು. ಅಡ್ಮಿಷನ್ ಹಿಂದಿನ ವರ್ಷದ ತಾರೀಕಿಗೆ ತೋರಿಸುತ್ತಾರಂತೆ. ವಿವಿ ಹೊರರಾಜ್ಯದ್ದು. 20 ಸಾವಿರ ಕೊಟ್ಟಿದ್ದೇನೆ. ಒರಿಜಿನಲ್ ಮಾರ್ಕ್ಸ್ ಕಾರ್ಡ್ ಅವರ ಹತ್ತಿರವೇ ಇದೆ.

ಮೇಡಂ: ಇನ್ನೊಂದು ರೂಪಾಯಿಯನ್ನೂ ಕೊಡಬೇಡಮ್ಮ. ಹಿಂದಿನ ತಾರೀಕಿನ ಅಡ್ಮಿಷನ್ ಅಂದರೆ ಸುಳ್ಳು ದಾಖಲೆ. ದೂರಶಿಕ್ಷಣದ ಎಂಬಿಎ ಕನಿಷ್ಠ 2 ವರ್ಷದ್ದು. ಫ್ರಾಂಚೈಸಿ ಸೆಂಟರ್‌ಗಳ ಮೂಲಕ ಪದವಿ ನಡೆಸಲು ಯುಜಿಸಿ ಬಿಡುವುದಿಲ್ಲ. ನನ್ನ ಹತ್ತಿರ ಬಂದ ಒಬ್ಬ ಹುಡುಗ ಹೀಗೇ ಸರ್ಟಿಫಿಕೇಟ್ ತಗೊಂಡಿದ್ದ. ಹೊಸ ಕಂಪನಿಯವರು ವೆರಿಫಿಕೇಷನ್‌ಗೆ ಕಳಿಸಿದರು, ಆಫರ್ ಹೋಯಿತು. ಮೂರು ವರ್ಷ ದುಡಿದ ಉಳಿತಾಯವೂ ಹೋಗಿತ್ತು. ಅವನ ಮುಖ ಇನ್ನೂ ಕಣ್ಣ ಮುಂದಿದೆ.

ಮೊದಲು ಮಾರ್ಕ್ಸ್ ಕಾರ್ಡ್ ವಾಪಸ್ ಕೇಳು, ಬರವಣಿಗೆಯಲ್ಲಿ ಕೇಳು. ಕೊಡದಿದ್ದರೆ ಪೊಲೀಸರಿಗೆ ದೂರು ಕೊಡು. ದುಡ್ಡು ಕಳಿಸಿದ ದಾಖಲೆ, ವಾಟ್ಸಾಪ್ ಮೆಸೇಜು ಯಾವುದನ್ನೂ ಅಳಿಸಬೇಡ. ಆಮೇಲೆ ಬೇರೆ ಕಡೆ ಸೇರುವುದಾದರೆ ಯುಜಿಸಿಯ ದೂರಶಿಕ್ಷಣ ಬ್ಯೂರೋ ವೆಬ್‌ಸೈಟ್ ತೆಗೆ. ವಿವಿ ಹೆಸರು, ಕೋರ್ಸ್ ಹೆಸರು, ಈ ವರ್ಷದ ಸೆಷನ್, ಮೂರೂ ಪಟ್ಟಿಯಲ್ಲಿ ಇರಬೇಕು. ಈಗ ಸೇರಲು ಡಿಇಬಿ ಐಡಿ (ಅದೇ ಬ್ಯೂರೋದ ವಿದ್ಯಾರ್ಥಿ ಗುರುತು ಸಂಖ್ಯೆ) ಬೇಕು, ಅದನ್ನು ನೀನೇ ಮಾಡಿಕೋ. ಫೀಸು ನೇರ ವಿವಿಗೇ ಕಟ್ಟು.

ದಾವಣಗೆರೆಯ ಸದಸ್ಯ: ಡಿಸ್ಟೆನ್ಸ್ ಎಂಬಿಎಗೆ ಬೆಲೆ ಇದೆಯಾ ಮೇಡಂ?

ಮೇಡಂ: ಮೇಲೆ ಹೇಳಿದ್ದೇನೆ.

ತುಮಕೂರಿನ ಸದಸ್ಯ: ಬಂದ ಮೆಸೇಜ್: "ಪರೀಕ್ಷೆ ಇಲ್ಲದೆ ಎಂಬಿಎ! ಸರ್ಕಾರಿ ಮಾನ್ಯತೆ! ಈ ತಿಂಗಳು ಮಾತ್ರ! ಎಲ್ಲರಿಗೂ ಕಳಿಸಿ."

ಮೇಡಂ: ದಯವಿಟ್ಟು ಅಳಿಸಿ. ಇದು ಇಲ್ಲಿ ಮೂರನೇ ಸಲ. ಪರೀಕ್ಷೆ ಇಲ್ಲದ ಎಂಬಿಎ ಇಲ್ಲ. ಇಂಥದ್ದನ್ನು ನಂಬಿಯೇ ಜನ ದುಡ್ಡು ಕಟ್ಟುವುದು.

ತುಮಕೂರಿನ ಸದಸ್ಯ: ಸುಮ್ನೆ ಮಾಹಿತಿಗೆ ಹಾಕಿದೆ.

ಮಂಡ್ಯದ ಸದಸ್ಯ: ಮೈಸೂರಿನ ಮುಕ್ತ ವಿವಿಗೇ ಮಾನ್ಯತೆ ಹೋಗಿತ್ತು. ಯಾರನ್ನು ನಂಬುವುದು?

ಮೈಸೂರಿನ ಸದಸ್ಯ: 2018ರಲ್ಲಿ ವಾಪಸ್ ಬಂತಲ್ಲ ಸ್ವಾಮಿ. ಆಮೇಲೆ ಸೇರಿ ಎಂಬಿಎ ಮುಗಿಸಿದವನು ನಾನು.

ಮಂಡ್ಯದ ಸದಸ್ಯ: ನಡುವೆ ಸೇರಿದವರು ಎಷ್ಟು ಅಲೆದರು ಗೊತ್ತಾ?

ಮೈಸೂರಿನ ಸದಸ್ಯ: ಅದಕ್ಕೆ ಈಗ ಸೇರುವವರನ್ನು ಹೆದರಿಸಬೇಕಾ?

ಮಂಡ್ಯದ ಸದಸ್ಯ: ನೀವು ಸೇಫ್, ಅದಕ್ಕೇ ಮಾತು ಜಾಸ್ತಿ.

ಕಲಬುರಗಿಯ ಸದಸ್ಯೆ: ನಾನು ಬ್ಯಾಂಕ್ ಕ್ಲರ್ಕ್. ಎಚ್‌ಆರ್ ತಗೊಳ್ಳಲಾ, ಫೈನಾನ್ಸ್ ತಗೊಳ್ಳಲಾ?

ಮೇಡಂ: ಮಂಡ್ಯ, ಮೈಸೂರು ಇಬ್ಬರೂ ಸಾಕು ಮಾಡಿ. ಮಾನ್ಯತೆಯನ್ನು ಸೇರುವ ವರ್ಷಕ್ಕೆ ನೋಡಬೇಕು. ನಾನು ಇಲ್ಲಿ ಜಗಳ ಬಿಡಿಸಲು ಬಂದಿಲ್ಲ.

ಹುಬ್ಬಳ್ಳಿಯ ಸದಸ್ಯೆ: ಮೇಡಂ, ಸೆಂಟರ್‌ನವರು ಫೋನ್ ಎತ್ತುತ್ತಿಲ್ಲ ರೀ.

ಮೇಡಂ: ಫೋನ್ ಬೇಡ. ಬೆಳಿಗ್ಗೆ ಮನೆಯವರನ್ನು ಕರೆದುಕೊಂಡು ನೇರ ಹೋಗು. ಕಾರ್ಡ್ ಕೈಗೆ ಬಂದ ಕೂಡಲೇ ಇಲ್ಲಿ ತಿಳಿಸು, ಕಾಯುತ್ತಿರುತ್ತೇನೆ.

ಶಿರಸಿಯ ಸದಸ್ಯ: ಮೇಡಂ, ಒಂದೇ ವರ್ಷದ ಎಂಬಿಎ ಎಲ್ಲಿ ಸಿಗುತ್ತೆ?